ಮಾಮಿ ಕೂತರೆ ಮಾತ್ರ ನಾರುವ ಕಾರು

ಸೊಸೆಯೊಬ್ಬಳು ಅತ್ತೆಗೆ ಯಾವ ಕಾರಣಕ್ಕೂ ಹೇಳಬಾರದ ಒಂದು ವಾಕ್ಯ ಉಂಟು. ‘ನೀವು ಕೂತಾಗ ಮಾತ್ರ ಕಾರು ನಾರುತ್ತದೆ.’

ನಾನು ಹೇಳಲಿಲ್ಲ. ಆಣೆ ಹಾಕಿ ಬೇಕಾದರೂ ಹೇಳುತ್ತೇನೆ, ಹೇಳಲಿಲ್ಲ. ಆದರೆ ಎರಡು ತಿಂಗಳು ಆ ವಾಕ್ಯ ನನ್ನ ನಾಲಿಗೆಯ ತುದಿಯಲ್ಲೇ ಕೂತಿತ್ತು. ಕೊನೆಗೆ ನನಗಿಂತ ಮೊದಲು ಅದನ್ನು ಅವರೇ ಹೇಳಿಬಿಟ್ಟರು. ತೊಂದರೆ ಶುರುವಾದದ್ದು ಅಲ್ಲಿಂದ.

ಈ ಅಂಕಣವನ್ನು ಹೊಸದಾಗಿ ಓದುವವರಿಗೆ ಎರಡು ಮಾತು. ನನ್ನ ಗಂಡ ಹಮೀದ್ ಸೌದಿಯ ದಮಾಮಿನಲ್ಲಿ ಕೆಲಸದಲ್ಲಿದ್ದಾರೆ. ಮೂಡುಬಿದಿರೆಯ ಮನೆಯಲ್ಲಿ ಇರುವುದು ನಾನು ಮತ್ತು ಅವರ ತಾಯಿ ಐಸಮ್ಮ. ಅತ್ತೆಗೆ ನಮ್ಮ ಬ್ಯಾರಿ ಮಾತಿನಲ್ಲಿ ಮಾಮಿ ಅನ್ನುತ್ತೇವೆ. ನಾನು ಬಂಟ್ವಾಳದ ಒಂದು ಕಾಲೇಜಿನಲ್ಲಿ ಪಿಯುಸಿ ಮಕ್ಕಳಿಗೆ ಕೆಮಿಸ್ಟ್ರಿ ಕಲಿಸುತ್ತೇನೆ. ಇನ್ನು ಉಳಿದದ್ದು ಕಾರು. ಹೋದ ರಜೆಯಲ್ಲಿ ಬಂದಾಗ ಹಮೀದ್ ಮುಂಬೈಯಿಂದ ತರಿಸಿದ ಸೆಕೆಂಡ್‌ಹ್ಯಾಂಡ್ ಕೆಂಪು ಕಾರು. (ಅದನ್ನು ಗೇಟಿನ ಕಂಬಕ್ಕೆ ಎರಡು ಸಲ ಮುಟ್ಟಿಸಿದ ಕಥೆಯನ್ನು ಇಲ್ಲೇ ಬರೆದಿದ್ದೆ. ಮೂರನೆಯ ಸಲದ್ದನ್ನು ಬರೆಯಲಿಲ್ಲ.)

ಸೋಮವಾರದಿಂದ ಶನಿವಾರದವರೆಗೆ ಕಾರು ನನ್ನದು. ಸಿದ್ಧಕಟ್ಟೆ ಮೇಲಾಗಿ ಬಂಟ್ವಾಳಕ್ಕೆ ಹೋಗುವುದು, ಬರುವುದು. ಭಾನುವಾರ ಕಾರು ಮಾಮಿಯದ್ದು.

ಮಾಮಿಗೆ ಒಬ್ಬರು ಅಕ್ಕ ಇದ್ದಾರೆ, ಬೀಪಾತುಮ್ಮ. ವೇಣೂರಿನಲ್ಲಿ ಮಗನ ಮನೆಯಲ್ಲಿದ್ದಾರೆ. ಬಚ್ಚಲಲ್ಲಿ ಜಾರಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡು ಮಂಚ ಹಿಡಿದವರು ಮತ್ತೆ ಏಳಲಿಲ್ಲ. ಮಂಚವನ್ನು ಕಿಟಕಿಯ ಹತ್ತಿರಕ್ಕೆ ಎಳೆಸಿಕೊಂಡಿದ್ದಾರೆ. ಭಾನುವಾರ ಬೆಳಿಗ್ಗೆ ಹತ್ತು ಗಂಟೆಯಿಂದ ಕಣ್ಣು ರಸ್ತೆಗೆ. ತಂಗಿ ಬರಬೇಕು. ಬಂದು ಪಕ್ಕದಲ್ಲಿ ಕೂರಬೇಕು. ಇಬ್ಬರೂ ಸೇರಿ ಸತ್ತವರನ್ನೂ ಬದುಕಿದವರನ್ನೂ ಒಂದು ಸುತ್ತು ಬೈಯಬೇಕು. ಅಷ್ಟಾದರೆ ಇನ್ನೊಂದು ವಾರಕ್ಕೆ ಸಾಕು.

ಮೊದಲೆಲ್ಲ ಮಾಮಿ ಹೋಗುತ್ತಿದ್ದದ್ದು ಬಸ್ಸಿನಲ್ಲಿ. ನಮ್ಮ ಕಡೆಯ ಬಸ್ಸಿನ ಮೆಟ್ಟಿಲು ನೋಡಿದ್ದೀರಲ್ಲ? ಅದನ್ನು ಮಾಡಿದವನಿಗೆ ತಾಯಿ ಇರಲಿಲ್ಲವೋ ಏನೋ. ಮಾಮಿಯ ಮೊಣಕಾಲಿಗೆ ಆ ಮೆಟ್ಟಿಲು ಅಂದರೆ ಗುಡ್ಡ. ಕಂಡಕ್ಟರ್ ಕೈಹಿಡಿದು ಎಳೆಯಬೇಕು, ಹಿಂದಿನಿಂದ ಯಾರಾದರೂ ದೂಡಬೇಕು. ಕಾರು ಬಂದ ಮೇಲೆ ಆ ಕಷ್ಟ ತಪ್ಪಿತು. ಮುಂದಿನ ಸೀಟಿನಲ್ಲಿ, ನನ್ನ ಎಡಕ್ಕೆ, ಬೆನ್ನು ನೆಟ್ಟಗೆ ಮಾಡಿ ಕೂತು ವೇಣೂರಿಗೆ ಹೊರಟರೆ ಅವರ ಮುಖ ನೋಡಬೇಕು.

ನನಗೂ ಆ ಭಾನುವಾರಗಳೆಂದರೆ ಖುಷಿಯೇ. ಮನೆಯಲ್ಲಿ ನಾವಿಬ್ಬರೂ ಮಾತಾಡುತ್ತಿದ್ದದ್ದು ಉಪ್ಪು, ಹುಳಿ, ಗ್ಯಾಸ್ ಸಿಲಿಂಡರ್ ಬಗ್ಗೆ. ಕಾರಿನಲ್ಲಿ ಕೂತ ಮೇಲೆ ಮಾಮಿ ಬೇರೆಯೇ ಹೆಂಗಸು. ಮದುವೆಯಾದ ಹೊಸತರಲ್ಲಿ ಅವರ ಮಾಮಿಗೆ ಅವರು ಕೊಟ್ಟ ಕಾಟವನ್ನೆಲ್ಲ ನನಗೆ ಹೇಳಿದ್ದು ಕಾರಿನಲ್ಲೇ. ಇಬ್ಬರೂ ಮುಂದಕ್ಕೆ ನೋಡಿಕೊಂಡು ಕೂತರೆ ಮಾತು ಸುಲಭವಾಗುತ್ತದೆ ಅಂತ ಕಾಣುತ್ತದೆ. ಮುಖ ನೋಡುವ ಹಂಗಿಲ್ಲವಲ್ಲ.

ಬೀಪಾತುಮ್ಮನ ಮನೆಗೆ ಬರಿಗೈಯಲ್ಲಿ ಹೋಗುವ ಕ್ರಮ ಇಲ್ಲ. ಮುರಿದ ಮೂಳೆಗೆ ಆಡಿನ ಕಾಲಿನ ಸೂಪು ಆಗಬೇಕು, ಜೊತೆಗೆ ಊರಕೋಳಿಯ ನಾಲ್ಕು ಮೊಟ್ಟೆ, ಬೇಯಿಸಿದ್ದು. ಸೂಪು ಮುಚ್ಚಳದ ಸ್ಟೀಲ್ ಡಬ್ಬಿಯಲ್ಲಿ, ಡಬ್ಬಿ ಬಟ್ಟೆಯ ಸಂಚಿಯಲ್ಲಿ. ಮೊದಲ ಭಾನುವಾರ ಆ ಸಂಚಿಯನ್ನು ಹಿಂದಿನ ಸೀಟಿನಲ್ಲಿ ಇಟ್ಟಿದ್ದೆವು. ವೇಣೂರಿನ ಹಿಂದಿನ ತಿರುವಿನಲ್ಲಿ ನಾನು ಸ್ವಲ್ಪ (ಸ್ವಲ್ಪವೇ) ಜೋರಾಗಿ ತಿರುಗಿಸಿದೆ. ಡಬ್ಬಿ ಉರುಳಿತು. ಸೂಪು ಸೀಟಿಗೆ.

“ಅಕ್ಕನ ಮೂಳೆಗೆ ಹೋಗಬೇಕಾದ್ದು ನಿನ್ನ ಸೀಟಿಗೆ ಹೋಯ್ತು” ಅಂದರು ಮಾಮಿ. “ಇನ್ನು ಸೀಟು ಗಟ್ಟಿಯಾಗ್ತದೆ.”

ಕಾಲಬುಡದಲ್ಲಿ ಇಡುವ ಅಂದೆ. ಅದೂ ಆಗಲಿಲ್ಲ. ತಿನ್ನುವ ವಸ್ತುವನ್ನು ಕಾಲಿನ ಹತ್ತಿರ ಇಟ್ಟರೆ ಬರ್ಕತ್ ಹೋಗುತ್ತದೆ, ಮನೆಯ ಏಳಿಗೆ ನಿಲ್ಲುತ್ತದೆ ಅನ್ನುವುದು ಮಾಮಿಯ ಕಾನೂನು. ಮಡಿಲಲ್ಲಿ ಇಟ್ಟುಕೊಂಡರೆ ತೊಡೆ ಸುಡುತ್ತದೆ. ಮರುವಾರದಿಂದ ಸಂಚಿಯ ಇಲಾಖೆಯನ್ನು ಅವರೇ ವಹಿಸಿಕೊಂಡರು. ನಾನು ರಸ್ತೆ ನೋಡಿದರೆ ಸಾಕು ಅಂತ ಆರ್ಡರಾಯಿತು. ನೋಡಿದೆ. ಹೊಸ ಡ್ರೈವರ್ ನಾನು, ಕತ್ತು ಎಡಕ್ಕೂ ತಿರುಗುವುದಿಲ್ಲ, ಬಲಕ್ಕೂ ತಿರುಗುವುದಿಲ್ಲ.

ಆ ಮರುವಾರವೇ ನಾತ ಬಂದದ್ದು.

ವೇಣೂರಿನ ಪೇಟೆಯಲ್ಲಿ ಬಾಳೆಹಣ್ಣಿಗೆ ಅಂತ ನಿಲ್ಲಿಸಿದ್ದೆ. ಇಂಜಿನ್ ಆಫ್ ಮಾಡಿರಲಿಲ್ಲ. (ಮತ್ತೆ ಸ್ಟಾರ್ಟ್ ಆಗದಿದ್ದರೆ ಅನ್ನುವ ಭಯ.) ಹಿಂದಿನಿಂದ ಸಣ್ಣ ಗಾಳಿ ಬೀಸಿತು. ಕಿಟಕಿಯಿಂದ ಒಳಗೆ ನುಗ್ಗಿತು ನೋಡಿ, ಕೊಳೆತ ಮೊಟ್ಟೆಯ ನಾತ.

“ಎಂತದು ನಾತ?” ಅಂದರು ಮಾಮಿ, ತಲೆಯ ಮೇಲಿನ ಶಾಲನ್ನು ಮೂಗಿಗೆ ಒತ್ತಿ ಹಿಡಿದು.

ನಾನು ಆ ನಾತವನ್ನು ಹದಿನಾಲ್ಕು ವರ್ಷಗಳಿಂದ ಬಲ್ಲೆ. ಹೈಡ್ರೋಜನ್ ಸಲ್ಫೈಡ್. ಕಾಲೇಜಿನ ಲ್ಯಾಬಿನಲ್ಲಿ ಅದನ್ನು ತಯಾರಿಸಿ ಮಕ್ಕಳಿಗೆ ತೋರಿಸುವುದೇ ನನ್ನ ಕೆಲಸ. ಪ್ರಾಕ್ಟಿಕಲ್ಸ್ ದಿನ ನನ್ನ ಸೀರೆಗೂ ಅದೇ ಪರಿಮಳ. ಆದ್ದರಿಂದ ಮೊದಲು ನನ್ನ ಸೆರಗನ್ನೇ ಮೂಸಿದೆ. ಅದರಲ್ಲಿ ಸೋಪಿನ ವಾಸನೆ.

“ಮೊಟ್ಟೆ ಹಾಳಾಗಿರಬೇಕು ಮಾಮಿ.”

“ನಾನು ಬೇಯಿಸಿದ ಮೊಟ್ಟೆಯಾ?”

ನಾನು ಗೇರ್ ಹಾಕಿದೆ. ವೇಣೂರಿನಲ್ಲಿ ಮೊಟ್ಟೆ ಬಿಡಿಸಿ ನೋಡಿದರೆ ನಾಲ್ಕೂ ಚೊಕ್ಕ. ಬೀಪಾತುಮ್ಮ ಎರಡು ತಿಂದರು, ನನಗೆ ಒಂದು ಸಿಕ್ಕಿತು.

ಮನೆಗೆ ಬಂದು ಕಾರನ್ನು ಬಿಚ್ಚಿ ಹರವಿದೆವು. ಮ್ಯಾಟ್ ತೆಗೆದೆವು, ಸೀಟಿನ ಅಡಿಗೆ ಟಾರ್ಚ್ ಬಿಟ್ಟೆವು, ಡಿಕ್ಕಿ ಗುಡಿಸಿದೆವು. ಸಿಕ್ಕಿದ್ದು ಮುಂಬೈಯ ಯಾರದ್ದೋ ಒಂದು ಕಿವಿಯೋಲೆ ಮತ್ತು ಒಣಗಿದ ಕಿತ್ತಳೆ ಸಿಪ್ಪೆ. ಮೊಟ್ಟೆ ಇಲ್ಲ. ಸೋಮವಾರ ಕಾಲೇಜಿಗೆ ಹೋದೆ, ನಾತ ಇಲ್ಲ. ಮಂಗಳವಾರ ಇಲ್ಲ. ಶನಿವಾರದವರೆಗೂ ಇಲ್ಲ. ಸರಿಯಾಯಿತು ಅಂದುಕೊಂಡೆ. ಭಾನುವಾರ ಮಾಮಿ ಕೂತರು, ಐದು ಮೈಲಿ ಹೋದದ್ದೇ ತಡ, ಮತ್ತೆ ಬಂತು.

ಶುಕ್ರವಾರ ದಮಾಮಿನಿಂದ ಫೋನ್. ಹಮೀದ್‌ಗೆ ವಿಷಯ ಹೇಳಿದೆ. “ಬ್ಯಾಟರಿ ಓವರ್‌ಚಾರ್ಜ್ ಆಗ್ತಿರಬೇಕು. ಬ್ಯಾಟರಿಯಿಂದಲೂ ಅಂಥ ವಾಸನೆ ಬರ್ತದೆ” ಅಂದರು. ಕಾರಿನ ವಿಷಯದಲ್ಲಿ ಗಂಡಸರಿಗೆ ಸಮುದ್ರದ ಆಚೆಯಿಂದಲೂ ಕಾಣುತ್ತದೆ, ಅಡುಗೆಮನೆಯ ಉಪ್ಪಿನ ಡಬ್ಬಿ ಮಾತ್ರ ಕಣ್ಣೆದುರಿದ್ದರೂ ಕಾಣುವುದಿಲ್ಲ. ಇರಲಿ. ಕಾರನ್ನು ಸಿದ್ಧಕಟ್ಟೆಯ ಜನಾರ್ದನನ ಗ್ಯಾರೇಜಿಗೆ ಕೊಂಡೊಯ್ದೆ.

ಜನಾರ್ದನ ಜೀಪು ಮತ್ತು ಟೆಂಪೋ ರಿಪೇರಿಯಲ್ಲಿ ಪಳಗಿದ ಮನುಷ್ಯ. ಮಾತು ಕಡಿಮೆ. ಬಾನೆಟ್ ಎತ್ತಿ ಮೊದಲು ಐದು ನಿಮಿಷ ಸುಮ್ಮನೆ ನಿಲ್ಲುತ್ತಾನೆ, ರೋಗಿಯ ನಾಡಿ ಹಿಡಿದ ಹಾಗೆ. ಬ್ಯಾಟರಿ ನೋಡಿದ, ಸರಿ ಉಂಟು. ಏರ್‌ಫಿಲ್ಟರ್ ಬಡಿದ. ಪ್ಲಗ್ ಉಜ್ಜಿದ. ಕಾರ್ಬ್ಯುರೇಟರ್ ಬಿಚ್ಚಿ ತೊಳೆದ. ಆಮೇಲೆ ಕಾರಿನ ಅಡಿಗೆ ಮಲಗಿ, ಎದ್ದು ಬಂದು ಹೇಳಿದ, “ಟೀಚರ್, ಇದಕ್ಕೆ ಹೊಟ್ಟೆಯಲ್ಲಿ ಒಂದು ಡಬ್ಬ ಉಂಟು. ನಮ್ಮ ಕಡೆಯ ಹಳೆ ಗಾಡಿಗಳಿಗೆ ಇಲ್ಲ.” (ನಾವು ಮಾತಾಡಿದ್ದು ತುಳುವಿನಲ್ಲಿ. ನಿಮಗಾಗಿ ಕನ್ನಡದಲ್ಲಿ ಬರೆಯುತ್ತಿದ್ದೇನೆ.)

ಅದು ಹೊಗೆಯನ್ನು ಶುದ್ಧ ಮಾಡುವ ಡಬ್ಬ, ಕ್ಯಾಟಲಿಟಿಕ್ ಕನ್ವರ್ಟರ್ ಅಂತ ಹೆಸರು. ದೊಡ್ಡ ನಗರಗಳ ಕಾರುಗಳಿಗೆ ಮೊದಲೇ ಕಡ್ಡಾಯ ಮಾಡಿದ್ದರು, ನಮ್ಮದು ಮುಂಬೈ ಕಾರು ನೋಡಿ.

“ಅದನ್ನು ಕಡಿದು ಸಾದಾ ಪೈಪ್ ವೆಲ್ಡಿಂಗ್ ಮಾಡುವ. ನಾತ ಹೋಗ್ತದೆ, ಪಿಕಪ್ಪೂ ಬರ್ತದೆ” ಅಂದ.

“ಬೇಡ ಜನಾರ್ದನ. ಮೂಗು ಕಟ್ಟಿದರೆ ಮೂಗು ಕುಯ್ಯುವುದಾ?”

ನಾನು ಕೆಮಿಸ್ಟ್ರಿ ಟೀಚರ್. ಹೊಗೆ ತೊಳೆಯುವ ಯಂತ್ರವನ್ನು ಕಿತ್ತುಹಾಕಿ ಮರುದಿನ ಕ್ಲಾಸಿನಲ್ಲಿ ವಾಯುಮಾಲಿನ್ಯದ ಪಾಠ ಮಾಡಲು ನನಗೆ ಯಾವ ಮುಖ ಉಂಟು? ಜನಾರ್ದನ ನಕ್ಕ, ಒಂದು ಸುತ್ತು ಓಡಿಸಿ ನೋಡಿದ. “ಎಂತ ವಾಸನೆಯೂ ಇಲ್ಲವಲ್ಲ ಟೀಚರ್. ಯಾವಾಗ ಬರ್ತದೆ?”

“ಭಾನುವಾರ.”

“ಭಾನುವಾರ ಮಾತ್ರವಾ?”

“ಹೌದು.”

“ಯಾರೆಲ್ಲ ಇರ್ತೀರಿ ಕಾರಿನಲ್ಲಿ?”

“ನಾನು. ಮತ್ತೆ ಮಾಮಿ.”

ಜನಾರ್ದನ ಕೈಯಲ್ಲಿದ್ದ ಸ್ಪಾನರನ್ನು ಆಚೆ ತಿರುಗಿಸಿ ನೋಡಿದ, ಈಚೆ ತಿರುಗಿಸಿ ನೋಡಿದ. ಅದರ ಮೇಲೆ ಬರೆದ ನಂಬರನ್ನು ಅವನು ಅಷ್ಟು ಶ್ರದ್ಧೆಯಿಂದ ಓದಿದ್ದು ಅದೇ ಮೊದಲಿರಬೇಕು. “ಬಂಕ್ ಬದಲಿಸಿ ನೋಡಿ ಟೀಚರ್” ಅಂತ ಮಾತು ಮುಗಿಸಿದ.

ಬಂಕ್ ಬದಲಿಸಿದೆ. ಬಂಟ್ವಾಳದಲ್ಲಿ ಹಾಕಿಸುತ್ತಿದ್ದ ಪೆಟ್ರೋಲನ್ನು ಬೆಳ್ತಂಗಡಿಯಲ್ಲಿ ಹಾಕಿಸಿದೆ, ಮೂಡುಬಿದಿರೆಯಲ್ಲಿ ಹಾಕಿಸಿದೆ. ಮೂರು ತಾಲೂಕಿನ ನೀರು ಕುಡಿದರೂ ಕಾರಿನ ಸ್ವಭಾವ ಬದಲಾಗಲಿಲ್ಲ. ವಾರವಿಡೀ ಸಭ್ಯ, ಭಾನುವಾರ ನಾತ. ಇನ್ನೊಂದು ವಿಚಿತ್ರ ಏನೆಂದರೆ, ಭಾನುವಾರ ಕಾರಿಗೆ ಹುರುಪೂ ಜಾಸ್ತಿ. ನಿಲ್ಲಿಸಿದರೂ ಇಂಜಿನ್ ಗುರ್ರೆನ್ನುತ್ತಿತ್ತು. ರಜೆಯ ದಿನ ಅಂತ ಅದಕ್ಕೂ ಗೊತ್ತೇನೋ ಅಂದುಕೊಂಡು ನಕ್ಕಿದ್ದೆ. ನಗುವ ಬದಲು ಯೋಚಿಸಿದ್ದರೆ ಈ ಅಂಕಣ ಇಷ್ಟು ಉದ್ದ ಆಗುತ್ತಿರಲಿಲ್ಲ.

ಒಂಬತ್ತನೆಯ ಭಾನುವಾರ ಮಾಮಿ ಬೆಳಿಗ್ಗೆ ಬೇಗ ಎದ್ದು ತಲೆಗೆ ಸ್ನಾನ ಮಾಡಿದ್ದರು. ಪೆಟ್ಟಿಗೆಯಿಂದ ಹೊಸ ಬಟ್ಟೆ ತೆಗೆದು ಉಟ್ಟಿದ್ದರು. ಪೆರ್ನಾಲ್ ಹಬ್ಬಕ್ಕೆ ಮಾತ್ರ ಹಚ್ಚುವ ಅತ್ತರನ್ನು ಕಿವಿಯ ಹಿಂದೆ ಹಚ್ಚಿಕೊಂಡಿದ್ದರು. ನಾನು ಎಂತ ವಿಶೇಷ ಅಂತ ಕೇಳಲಿಲ್ಲ.  ವೇಣೂರು ಪೇಟೆಯಲ್ಲಿ ನಿಲ್ಲಿಸಿದೆ. ಬಂತು, ಅತ್ತರನ್ನೂ ಮೀರಿ.

ಮಾಮಿ ನಿಧಾನಕ್ಕೆ ಕೇಳಿದರು. “ಜುಬೈದಾ, ಇದು ನನ್ನ ಮೈಯಿಂದ ಬರುವುದಾ?”

 “ಎಂತ ಮಾತಾಡ್ತೀರಿ ಮಾಮಿ” ಅಂದೆ. ಆದರೆ ಹೇಳುವುದಕ್ಕೆ ಅರ್ಧ ನಿಮಿಷ ತಡವಾಯಿತು. ಆ ಅರ್ಧ ನಿಮಿಷವನ್ನು ಅವರು ಎಣಿಸಿಟ್ಟುಕೊಂಡರು.

“ನೀನು ಒಬ್ಬಳೇ ಹೋಗುವಾಗ ಬರುವುದಿಲ್ಲ. ನಾನು ಕೂತರೆ ಬರ್ತದೆ. ವಯಸ್ಸಾದ ದೇಹ, ಒಳಗೆ ಎಂತ ಕೆಟ್ಟಿದೆಯೋ. ಬರುವ ವಾರದಿಂದ ನಾನು ಬಸ್ಸಲ್ಲಿ ಹೋಗ್ತೇನೆ.”

ಎಷ್ಟು ಹೇಳಿದರೂ ಕೇಳಲಿಲ್ಲ. ಮುಂದಿನ ಭಾನುವಾರ ಸಂಚಿ ಹಿಡಿದು ಬಸ್‌ಸ್ಟ್ಯಾಂಡಿಗೆ ನಡೆದೇಬಿಟ್ಟರು. ನನಗೆ ಮನೆಯಲ್ಲಿ ಕೂರಲಾಗಲಿಲ್ಲ. ಮಧ್ಯಾಹ್ನ ಕಾರು ತೆಗೆದುಕೊಂಡು ವೇಣೂರಿಗೆ ಹೋದೆ, ವಾಪಸಾದರೂ ಕರೆದುಕೊಂಡು ಬರುವ ಅಂತ. ಹೋಗುವಾಗ ಕಾರಿನಲ್ಲಿ ನಾತದ ಸುಳಿವೂ ಇಲ್ಲ. ಅಲ್ಲಿ ನೋಡಿದರೆ ಮಾಮಿಯ ಬಲ ಮೊಣಕಾಲು ಊದಿತ್ತು. ಅಕ್ಕತಂಗಿ ಇಬ್ಬರೂ ಒಂದೇ ಮಂಚದಲ್ಲಿ ಮಲಗಿದ್ದರು. “ಇವಳನ್ನು ಯಾಕೆ ಬಸ್ಸಲ್ಲಿ ಕಳಿಸಿದೆ?” ಅಂತ ಬೀಪಾತುಮ್ಮ ನನ್ನನ್ನು ಕೇಳಿದರು.  ಬೇಡ ಬೇಡ ಅಂದರೂ ಮಾಮಿಯನ್ನು ಕಾರಿನಲ್ಲಿ ಕೂರಿಸಿ ಖಾಲಿ ಡಬ್ಬಿಯ ಸಂಚಿಯ ಸಮೇತ ಹೊರಟೆ.

ಮೂಡುಬಿದಿರೆ ಮುಟ್ಟುವಷ್ಟರಲ್ಲಿ ನಾತ.

ಹೋಗುವಾಗ ಇಲ್ಲ, ಬರುವಾಗ ಉಂಟು. ಇನ್ನೆಂಥ ಸಾಕ್ಷಿ ಬೇಕು? ಮಾಮಿ ಕಿಟಕಿಯ ಕಡೆಗೆ ಮುಖ ತಿರುಗಿಸಿಕೊಂಡು ಕೂತಿದ್ದರು. ಆ ರಾತ್ರಿ ಅವರ ಕಾಲಿಗೆ ಎಣ್ಣೆ ತಿಕ್ಕುವಾಗ ನನಗೆ ಅಳು ಬಂತು. “ಮುಂದಿನ ವಾರ ಹೋಗುವುದಿಲ್ಲ ಬಿಡು. ಅಕ್ಕನಿಗೆ ಫೋನ್ ಮಾಡಿ ಹೇಳು” ಅಂದರು. ಬೀಪಾತುಮ್ಮನಿಗೆ ಕಿವಿ ಮಂದ. ಫೋನಿನಲ್ಲಿ ಅವರಿಗೆ ಕೇಳುವುದು ಬರೀ ಗಾಳಿಯ ಸದ್ದು. ಮಾಮಿಗೆ ಅದು ಗೊತ್ತಿಲ್ಲದೆ ಏನಿಲ್ಲ.

ಮರುದಿನ ಸಿದ್ಧಕಟ್ಟೆಯಲ್ಲಿ ಕಾರು ನಿಲ್ಲಿಸಿ ಜನಾರ್ದನನಿಗೆ ಎಲ್ಲವನ್ನೂ ಹೇಳಿದೆ. ಅವನಿಗೂ ಮನೆಯಲ್ಲಿ ವಯಸ್ಸಾದ ತಾಯಿ ಇದ್ದಾರೆ. ಸ್ಪಾನರ್ ಕೆಳಗಿಟ್ಟ.

“ಟೀಚರ್, ನಾತ ಕಿವಿಯಲ್ಲಿ ಕೇಳಿದರೆ ಆಗುವುದಿಲ್ಲ, ಮೂಗಿಗೆ ಸಿಗಬೇಕು. ಭಾನುವಾರ ನಾನು ಬರ್ತೇನೆ. ನೀವು ಮಾಮಿಯನ್ನು ಕೂರಿಸಿಕೊಂಡು ಹೋಗಿ. ನಾನು ಬೈಕಲ್ಲಿ ಹಿಂದೆ ಬರ್ತೇನೆ.”

ಈಗ ಮಾಮಿಯನ್ನು ಒಪ್ಪಿಸಬೇಕಲ್ಲ? ಸುಳ್ಳು ಹೇಳಿದೆ. “ಪರೀಕ್ಷೆ ಮಾಡ್ಲಿಕ್ಕೆ ಎಡಸೀಟಿನಲ್ಲಿ ಸರಿಯಾದ ತೂಕ ಬೇಕಂತೆ ಮಾಮಿ.”

“ತೂಕಕ್ಕೆ ಅಕ್ಕಿ ಮೂಟೆ ಇಡು.”

“ಅಕ್ಕಿ ಮೂಟೆ ಬಾಳೆಹಣ್ಣು ಆರಿಸುವುದಿಲ್ಲ.”

ತುಟಿಯ ಕೊನೆಯಲ್ಲಿ ಒಂದು ಸಣ್ಣ ನಗು ಬಂದು ಹೋಯಿತು. “ಇದೇ ಕೊನೆ ಸಲ” ಅಂದರು. ಶನಿವಾರವೇ ಆಡಿನ ಕಾಲು ತಂದೆವು.

ಆ ಭಾನುವಾರದ ಮೆರವಣಿಗೆಯನ್ನು ನೀವು ನೋಡಬೇಕಿತ್ತು. ಮುಂದೆ ನಮ್ಮ ಕೆಂಪು ಕಾರು. ಅದರ ಬಾಲಕ್ಕೆ ಅಂಟಿಕೊಂಡು ಜನಾರ್ದನನ ಬೈಕು. ಆತ ಹ್ಯಾಂಡಲ್ ಮೇಲೆ ಬಾಗಿ, ಮೂಗು ಚಾಚಿ, ನಮ್ಮ ಸೈಲೆನ್ಸರನ್ನು ಮೂಸಿಕೊಂಡು ಬರುತ್ತಿದ್ದಾನೆ. ಎದುರಿನಿಂದ ಬಂದ ಬಸ್ಸಿನ ಡ್ರೈವರ್ ಸ್ಪೀಡ್ ಕಡಿಮೆ ಮಾಡಿ ನೋಡಿದ. ಹೆಂಗಸು ಕಾರು ಓಡಿಸುವುದನ್ನೇ ನಿಂತು ನೋಡುವ ರಸ್ತೆ ಅದು. ಅದರ ಹೊಗೆಯನ್ನು ಮೂಸುವ ಗಂಡಸನ್ನು ಬಿಟ್ಟಾರೆಯೇ?

ವೇಣೂರಿನ ಸೇತುವೆ ಕಾಣುವಷ್ಟರಲ್ಲಿ ಹಿಂದಿನಿಂದ ಹಾರ್ನ್. ಪಕ್ಕಕ್ಕೆ ನಿಲ್ಲಿಸಿದೆ. ಜನಾರ್ದನ ಬಂದವನೇ “ಸಿಕ್ಕಿತು ಟೀಚರ್. ನಾತವೂ ಸಿಕ್ಕಿತು, ಕಪ್ಪು ಹೊಗೆಯೂ ಸಿಕ್ಕಿತು. ಇಂಜಿನ್ ಆಫ್ ಮಾಡಬೇಡಿ” ಅಂದ. ಬಾನೆಟ್ ಎತ್ತಿದ. ಕಿವಿ ಕೊಟ್ಟು ಕೇಳಿದ. ಆಮೇಲೆ ಎಡಬದಿಯ ಬಾಗಿಲಿಗೆ ಬಂದು, ಮಾಮಿಗೆ ಸಲಾಂ ಹೇಳಿ, ಒಳಗೆ ಬಗ್ಗಿ ನೋಡಿದ. ನೋಡಿದವನು ಹಾಗೆಯೇ ನಿಂತ.

ಸ್ಟೇರಿಂಗಿನ ಎಡಕ್ಕೆ, ಡ್ಯಾಶ್‌ಬೋರ್ಡಿನ ಅಡಿಯಲ್ಲಿ ಒಂದು ಕಪ್ಪು ಗುಬ್ಬಿ ಉಂಟು, ಎಳೆಯುವ ಹಿಡಿ. ಚೋಕ್. ಬೆಳಗಿನ ಚಳಿಗೆ ಇಂಜಿನ್ ಏಳದಿದ್ದರೆ ಅದನ್ನು ಎಳೆಯುವುದು, ಬಿಸಿಯಾದ ಮೇಲೆ ಒಳಗೆ ತಳ್ಳುವುದು. ಆ ಗುಬ್ಬಿ ಈಗ ಎರಡು ಬೆರಳು ಹೊರಗೆ ಬಂದಿತ್ತು. ಅದರ ಕುತ್ತಿಗೆಯಲ್ಲಿ ಹಾಯಾಗಿ ತೂಗುತ್ತಿತ್ತು ಸೂಪಿನ ಸಂಚಿ.

ಸಂಚಿಯನ್ನು ನಾನು ನೋಡಿರಲಿಲ್ಲವೇ? ಪ್ರತಿ ಭಾನುವಾರ ನೋಡಿದ್ದೆ. ಅದು ಯಾವುದರಲ್ಲಿ ತೂಗುತ್ತಿದೆ ಅಂತ ಒಂದು ಸಲವೂ ನೋಡಲಿಲ್ಲ. ಮತ್ತೆ ಮಾಮಿ ಶಿಸ್ತಿನ ಹೆಂಗಸು. ಮನೆಯಲ್ಲಿ ಅರೆತೆರೆದ ಡ್ರಾಯರ್ ಕಂಡರೆ ಅವರಿಗೆ ಊಟ ಸೇರುವುದಿಲ್ಲ. ಇಳಿಯುವಾಗ ಸಂಚಿ ತೆಗೆದು, ಕೊಕ್ಕೆಯೆಂದು ಎಳೆದದ್ದನ್ನು ನೀಟಾಗಿ ಒಳಗೆ ತಳ್ಳಿಯೇ ಇಳಿಯುತ್ತಿದ್ದರು. ಆಮೇಲೆ ನಾನು ಹುಡುಕಿದರೆ ಏನು ಸಿಗಬೇಕು?

ಜನಾರ್ದನನಿಗೆ ಎಲ್ಲ ಅರ್ಥವಾಗಿದೆ. ಆದರೆ ಎಪ್ಪತ್ತು ದಾಟಿದ ಹಿರಿಯರ ಎದುರು ಹೇಳುವುದು ಹೇಗೆ? ಆತ ಗಂಟಲು ಸರಿಮಾಡಿಕೊಂಡ. ಆಮೇಲೆ, ನಾನು ಅವನ ಬಾಯಿಂದ ಎಂದೂ ಕೇಳದಿದ್ದ ಶುದ್ಧ ಪುಸ್ತಕದ ಕನ್ನಡದಲ್ಲಿ ಶುರುಮಾಡಿದ. “ಮೇಡಂ, ಸಮಸ್ಯೆಯ ಮೂಲ ಚೋಕ್‌ನಲ್ಲಿದೆ. ಹಿರಿಯರ ಚೀಲದ ಕಾರಣದಿಂದ ಅದು ಹೊರಗೆ ಬಂದಿರುತ್ತದೆ. ತಾವು ಮನೆಗೆ ಹೋದ ನಂತರ ನಿಧಾನವಾಗಿ ತಿಳಿಸಬೇಕು.”

ನಮ್ಮ ಕಡೆಯವರಿಗೆ ಈ ವಿದ್ಯೆ ಗೊತ್ತುಂಟು. ಮನೆಯಲ್ಲಿ ಬ್ಯಾರಿ ಮಾತು, ಪೇಟೆಯಲ್ಲಿ ತುಳು. ಕನ್ನಡ ಅಂದರೆ ಶಾಲೆ, ಆಫೀಸು, ಡಾಕ್ಟರು. ಮತ್ತೆ, ಮನೆಯ ಹಿರಿಯರಿಗೆ ಗೊತ್ತಾಗಬಾರದ ಸಂಗತಿ. ನಾನೂ ಅಷ್ಟೇ ಗಂಭೀರವಾಗಿ “ಆಗಲಿ, ತಿಳಿಸುತ್ತೇನೆ” ಅಂದೆ.

ಮಾಮಿ ಅವನ ಮುಖ ನೋಡಿದರು. ನನ್ನ ಮುಖ ನೋಡಿದರು.

“ಕನ್ನಡದಲ್ಲಿ ಮಾತಾಡಿದ್ರಿ ಅಂದ ಮೇಲೆ ತಪ್ಪು ನನ್ನದೇ” ಅಂದರು, ತುಳುವಿನಲ್ಲಿ, ಇಬ್ಬರಿಗೂ ತಿಳಿಯಲಿ ಅಂತ. “ಅಕ್ಕನ ಸೊಂಟದ ವಿಷಯ ಡಾಕ್ಟರ್ ಅವಳ ಮಗನಿಗೆ ಹೇಳಿದ್ದೂ ಹೀಗೆಯೇ. ಅದುವರೆಗೆ ತುಳು ಮಾತಾಡುತ್ತಿದ್ದವರು ಒಮ್ಮೆಲೇ ಕನ್ನಡಕ್ಕೆ ಹೋದರು. ಅಕ್ಕ ಇನ್ನು ನಡೆಯುವುದಿಲ್ಲ ಅಂತ ನಮಗಿಬ್ಬರಿಗೂ ಆಗಲೇ ಗೊತ್ತಾಯ್ತು. ನನಗೆ ಕನ್ನಡ ಬರುವುದಿಲ್ಲ. ಮುಖ ಓದ್ಲಿಕ್ಕೆ ಬರ್ತದೆ.”

ಮಾಮಿ ಜನಾರ್ದನನ ಕಡೆಗೆ ತಿರುಗಿದರು.

“ಹೇಳು ಜನಾರ್ದನ. ನನಗೆ ತಿಳಿಯುವ ಭಾಷೆಯಲ್ಲಿ ಹೇಳು. ಎಂತ ಆದದ್ದು?”

ಜನಾರ್ದನ ಅಲ್ಲೇ ರಸ್ತೆಬದಿಯಲ್ಲಿ ಕುಕ್ಕರಗಾಲಲ್ಲಿ ಕೂತು ಹೇಳಿದ. ಈ ಗುಬ್ಬಿ ಎಳೆದರೆ ಇಂಜಿನ್ನಿಗೆ ಗಾಳಿ ಕಡಿಮೆ, ಪೆಟ್ರೋಲು ಜಾಸ್ತಿ. ಒಲೆಗೆ ಗಾಳಿ ಸಾಲದೆ ಸೌದೆ ತುರುಕಿದರೆ ಹೊಗೆ ಎದ್ದ ಹಾಗೆ. ಉಳಿದದ್ದನ್ನು ನಾನು ಸೇರಿಸಿದೆ. ಪೆಟ್ರೋಲಿನಲ್ಲಿ ಸ್ವಲ್ಪ ಗಂಧಕ ಇದ್ದೇ ಇರುತ್ತದೆ. ಗಾಳಿ ಸಾಕಷ್ಟು ಸಿಕ್ಕರೆ ಅದು ಸುಟ್ಟು, ನಮ್ಮ ಮೂಗಿಗೆ ತಿಳಿಯದ ಹಾಗೆ ಹೋಗುತ್ತದೆ. ಗಾಳಿ ಸಾಲದೆ ಪೆಟ್ರೋಲು ಹೆಚ್ಚಾದರೆ ಆ ಹೊಟ್ಟೆಯ ಡಬ್ಬದಲ್ಲಿ ಅದೇ ಗಂಧಕ ಕೊಳೆತ ಮೊಟ್ಟೆಯ ಗಾಳಿಯಾಗಿ ಹೊರಗೆ ಬರುತ್ತದೆ. ಹದಿನಾಲ್ಕು ವರ್ಷ ಬೋರ್ಡಿನ ಮೇಲೆ ಬರೆದು ಕಲಿಸಿದ ಪಾಠ. ಪರೀಕ್ಷೆಯಲ್ಲಿ ಫೇಲಾದದ್ದು ಟೀಚರ್.

ಮಾಮಿ ಎಲ್ಲ ಕೇಳಿದರು. ಸಂಚಿ ತೆಗೆದು ಮಡಿಲಲ್ಲಿ ಇಟ್ಟುಕೊಂಡರು. ಒಂದು ಬೆರಳಿನಿಂದ ಚೋಕನ್ನು ಮೆಲ್ಲಗೆ ಒಳಗೆ ತಳ್ಳಿದರು. ಇಂಜಿನ್ನಿನ ಗುರ್ರ್ ತಗ್ಗಿತು. ಸ್ವಲ್ಪ ಹೊತ್ತಿಗೆ ನಾತವೂ ಕಡಿಮೆಯಾಗುತ್ತ ಬಂತು. ಮೂರೂ ಜನ ಮೂಗು ಎತ್ತಿ ಕಾಯುತ್ತಿದ್ದೆವು.

“ಹಾಗಾದರೆ ನನ್ನ ಮೈಯದ್ದಲ್ಲ” ಅಂದರು ಮಾಮಿ.

“ಅಲ್ಲ ಮಾಮಿ.”

“ಎರಡು ತಿಂಗಳಿಂದ ನನಗೆ ನಿದ್ರೆ ಇಲ್ಲ ಗೊತ್ತುಂಟಾ? ಅಕ್ಕನ ಮಂಚದ ಮೇಲೆ ಹತ್ತಿರ ಕೂರ್ಲಿಕ್ಕೂ ನಾಚಿಕೆ. ಅವಳಿಗೂ ಬರ್ತದೋ ಏನೋ ಅಂತ.”

ಹೇಳುತ್ತ ಹೇಳುತ್ತ ನಗಲು ಶುರುಮಾಡಿದರು. ನಗು ನಿಲ್ಲದೆ ಕಣ್ಣಲ್ಲಿ ನೀರು ಬಂತು. ನಕ್ಕದ್ದೆಷ್ಟು, ಅತ್ತದ್ದೆಷ್ಟು ಅಂತ ನಾನು ಕೇಳಲಿಲ್ಲ, ಯಾಕೆಂದರೆ ನನ್ನದೂ ಅದೇ ಕಥೆ. ಜನಾರ್ದನ ಪಾಪ, ಸೇತುವೆಯ ಕಡೆಗೆ ಮುಖ ಮಾಡಿ ನಿಂತಿದ್ದ. ಅವನನ್ನು ಬಿಡದೆ ಬೀಪಾತುಮ್ಮನ ಮನೆಗೆ ಕರೆದುಕೊಂಡು ಹೋಗಿ ಚಹಾ ಕುಡಿಸಿದೆವು. ಬೀಪಾತುಮ್ಮನ ಕಿವಿಯಲ್ಲಿ ಮಾಮಿ ಇಡೀ ಕಥೆಯನ್ನು ಕೂಗಿ ಹೇಳಿದರು. ಅಕ್ಕಪಕ್ಕದ ನಾಲ್ಕು ಮನೆಗೂ ಕೇಳಿಸಿರಬೇಕು.

ಸೋಮವಾರ ಜನಾರ್ದನ ಡ್ಯಾಶ್‌ಬೋರ್ಡಿನ ಎಡಮೂಲೆಗೆ ಒಂದು ಗಟ್ಟಿ ಹಿತ್ತಾಳೆಯ ಕೊಕ್ಕೆ ಸಿಕ್ಕಿಸಿಕೊಟ್ಟ. ರಿಪೇರಿ ಅಂದರೆ ಅಷ್ಟೇ. ಆ ಕಾರಿನಲ್ಲಿ ಸಿಗರೇಟಿನ ಬೂದಿ ಕೊಡವಲು ಒಂದು ಗೂಡು ಉಂಟು. ಕ್ಯಾಸೆಟ್ ಇಡಲು ಜಾಗ ಉಂಟು. ಕೂದಲು ಬಾಚಲು ಕನ್ನಡಿ ಉಂಟು. ಅಕ್ಕನಿಗೆ ಸೂಪು ಒಯ್ಯುವ ಹೆಂಗಸು ಸಂಚಿಯನ್ನು ಎಲ್ಲಿ ಇಡಬೇಕು ಅಂತ ಯಾವ ಇಂಜಿನಿಯರೂ ಯೋಚಿಸಲಿಲ್ಲ. ಅವರನ್ನು ಯಾಕೆ ಬೈಯಲಿ? ಪಕ್ಕದಲ್ಲೇ ಕೂತಿದ್ದ ನಾನು ಯೋಚಿಸಿದೆನೇ? ಬ್ಯಾಟರಿಯನ್ನು ಕೇಳಿದೆ, ಬಂಕನ್ನು ಕೇಳಿದೆ, ದಮಾಮನ್ನು ಕೇಳಿದೆ. ‘ಸಂಚಿ ಎಲ್ಲಿಟ್ಟಿರಿ ಮಾಮಿ’ ಅಂತ ಒಂದು ಮಾತು ಕೇಳಲಿಲ್ಲ. ಅವರ ಮನಸ್ಸು ನೋಯಬಾರದು ಅಂತ ಸುಮ್ಮನಿದ್ದೆ. ಆ ಸುಮ್ಮನಿದ್ದದ್ದೇ ಅವರನ್ನು ಬಸ್ಸಿಗೆ ಹತ್ತಿಸಿತು.

ಈಗ ನಮ್ಮ ಮನೆಯಲ್ಲಿ ಒಂದು ಹೊಸ ಕಾನೂನು ಬಂದಿದೆ. ಮಾಮಿಯ ವಿಷಯವನ್ನು ಮಾಮಿಯ ಎದುರು ಯಾರೂ ಕನ್ನಡದಲ್ಲಿ ಮಾತಾಡುವ ಹಾಗಿಲ್ಲ. ನಾನು ಮಾತು ಕೊಟ್ಟಿದ್ದೇನೆ. ಹಮೀದ್ ಕೂಡ ಫೋನಿನಲ್ಲಿ ಒಪ್ಪಿದ್ದಾರೆ.

ಮಾತು ಕೊಟ್ಟವಳು ಇಲ್ಲಿಯವರೆಗೆ ಬರೆದ ಮೇಲೆ ಪೆನ್ನು ನಿಂತಿತು. ಇದು ಯಾವ ಭಾಷೆ? ಪೂರಾ ಮಾಮಿಯ ವಿಷಯ, ಪೂರಾ ಕನ್ನಡ. ನೀವೆಲ್ಲ ಓದಿ ನಗುತ್ತೀರಿ, ಅವರೊಬ್ಬರಿಗೆ ಗೊತ್ತಿರುವುದಿಲ್ಲ.

ಹಾಗಾಗಿ ನಿನ್ನೆ ಸಂಜೆ ಕಾಗದಗಳನ್ನು ಹಿಡಿದುಕೊಂಡು ಅವರ ಪಕ್ಕದಲ್ಲಿ ಕೂತೆ. ಒಂದೊಂದೇ ವಾಕ್ಯವನ್ನು ಬ್ಯಾರಿಗೆ ತಿರುಗಿಸಿ ಓದಿದೆ. ಮೊದಲನೆಯ ವಾಕ್ಯವನ್ನೂ ಬಿಡಲಿಲ್ಲ. ಮಾಮಿ ಕಣ್ಣು ಮುಚ್ಚಿ ಕೇಳಿದರು. ಅತ್ತರಿನ ಕಡೆ ಬಂದಾಗ ಒಮ್ಮೆ ಕಣ್ಣು ಬಿಟ್ಟು ನನ್ನನ್ನು ನೋಡಿದರು. ಅದನ್ನು ತೆಗೆಯಬೇಕಾ ಅಂತ ಕೇಳಿದೆ. ಬೇಡ, ಇರಲಿ ಅಂದರು.

ಓದಿ ಮುಗಿಸಿ ಕಾಗದಗಳನ್ನು ಮಡಚಿದೆ. ನನಗೆ ಸಣ್ಣ ಹೆದರಿಕೆ.

“ಎಲ್ಲ ಸರಿ ಬರೆದಿದ್ದೀ” ಅಂದರು ಕೊನೆಗೆ. “ನಾತವನ್ನು ಮೊದಲು ಹಿಡಿದದ್ದು ನಾನು, ಅದನ್ನೂ ಬರೆ.”